ಶೇಂಗಾ ಒಡೆಯುವವರ ಹಾಡು

ಸ್ವರಾಜ್ಯ ಬಂದು ಕೆಲವು ವರ್ಷ ಕಳೆದಿದ್ದರೂ ಇನಾಮದಾರರ ವಾಡೆಯ ಪದ್ಧತಿ ಬದಲಾಗಿರಲಿಲ್ಲ. ಬಿತ್ತನೆಯ ಶೇಂಗಾ ಒಡೆಯುವ ಹೆಣ್ಣುಮಕ್ಕಳು ಹಾಡುತ್ತಲೇ ಇರಬೇಕು. ಹಾಡುವ ಬಾಯಿ ಕಾಳು ತಿನ್ನಲಾರದು. ಹಾಡು ನಿಂತರೆ ಕಳವು ಎಂದೇ ಅರ್ಥ. ಇನಾಮದಾರರ ಹೆಂಡತಿ ಯಮುನಾಬಾಯಿ ಜಪಮಾಲೆ ಹಿಡಿದು, ಪಡಸಾಲೆಯಲ್ಲಿ ಕುಳಿತು ಕಿವಿಗೊಡುತ್ತಿದ್ದಳು.

ಕೂಲಿಯ ಸುಂದರವ್ವನ ಮಗಳು ಮರೆವ್ವ ಆ ವರ್ಷ ಬೆಳ್ಳಗಾದಳು. ಹದಿನಾಲ್ಕರ ಹುಡುಗಿ. ಮೈನೆರೆದ ಮೇಲೆ ಬಣ್ಣ ತಿರುಗಿತೆಂದು ತಾಯಿಗೆ ಹಿಗ್ಗು.

“ಏನ ಹಚ್ಚತೀಯವಾ ಮಗಳಿಗೆ?” ಎಂದು ಜೊತೆಯ ಕೆಂಚವ್ವ ಕಾಡುತ್ತಿದ್ದಳು. “ನನಗೂ ಒಂದೀಟ ಕೊಡ. ನನ್ನ ಗಂಡ ಹೊಳ್ಳಿ ನೋಡ್ಯಾನು.”

“ಹಚ್ಚೂದೇನ ಬಂತು? ನುಚ್ಚು ಉಣತಾಳ. ಅದೂ ಗಂಡಸರು ಉಂಡು ಉಳಿದರ.”

ಹುಡುಗಿ ಗೋಡೆಯ ಮಣ್ಣು ಕೆರೆದು ತಿನ್ನತೊಡಗಿದಳು. ಕೊಡ ಹೊತ್ತು ಬಂದರೆ ಹೊಸ್ತಿಲಲ್ಲೇ ಕುಸಿಯುತ್ತಿದ್ದಳು. ಕಡೆಗೆ ಸುಂದರವ್ವ ಅವಳನ್ನು ದವಾಖಾನೆಗೆ ಕರೆದೊಯ್ದಳು. ಕಂಪೌಂಡರ್ ಹುಡುಗಿಯ ಕೆಳರೆಪ್ಪೆ ಜಗ್ಗಿ ತೋರಿಸಿದ.

“ನೋಡ ಯವ್ವಾ, ಇಲ್ಲಿ ಕೆಂಪಗಿರಬೇಕು. ಹತ್ತಿ ಅರಳಿ ಹಂಗ ಬೆಳ್ಳಗ ಆಗೇತಿ. ಇದು ಬಣ್ಣಲ್ಲ, ಮೈಯಾಗ ರಗತ ಇಲ್ಲ. ತಪ್ಪಲಪಲ್ಯ, ಶೇಂಗಾ, ಬೆಲ್ಲ ತಿನಸು.”

“ದಿನಾ ಶೇಂಗಾ ರಾಶಿ ಮುಂದನ ಕುಂಡರತಾಳರಿ.”

“ಮತ್ತೇನ, ಚಲೋ ಆತಲ್ಲ,” ಎಂದ ಅವನು. ಪಾಪ, ಅವನಿಗೆ ಹಾಡಿನ ಸಂಗತಿ ತಿಳಿಯದು.

ಮರುದಿನ ಸುಂದರವ್ವ ಸೆರಗೊಡ್ಡಿದಳು. “ಬಾಯಾರ, ಹುಡುಗಿಗೆ ಒಂದ ಹಿಡಿ ಕಾಳ ಕೊಡ್ರಿ. ದವಾಖಾನ್ಯಾಗ ಹೇಳ್ಯಾರ.”

“ಬಿತ್ತೋ ಬೀಜ ತಿಂದರ ಭೂಮಿತಾಯಿ ಮುನಿತಾಳ,” ಎಂದಳು ಯಮುನಾಬಾಯಿ. “ಹಾಡ್ರಿ.”

ಮಧ್ಯಾಹ್ನಕ್ಕೆ ಮರೆವ್ವನ ದನಿ ನಿಂತಿತು. ಉಸಿರು ಸಾಲದೆ ಎದೆ ಹಿಡಿದುಕೊಂಡಿದ್ದಳು.

“ಬಾಯಿ ತಗಿ,” ಎಂದು ಯಮುನಾಬಾಯಿ ಎದ್ದು ಬಂದಳು.

ಹುಡುಗಿ ಬಾಯಿ ತೆರೆದಳು. ಕಾಳಿರಲಿಲ್ಲ. ಬಿಳಿಚಿದ ನಾಲಗೆಯ ಮೇಲೆ ಗೋಡೆಯ ಮಣ್ಣಿತ್ತು.

“ಉಗುಳಿ ಬಾ. ಬಂದು ಹಾಡು.”

ಮರೆವ್ವ ಎದ್ದಳು. ಅಂಗಳದ ಅಂಚಿಗೆ ಮುಟ್ಟುವ ಮೊದಲೇ ಬಿದ್ದಳು. ಮತ್ತೆ ಏಳಲಿಲ್ಲ.

ಶಿವನಿಚ್ಛೆ ಎಂದರು ವಾಡೆಯವರು. ಎಲ್ಲವನ್ನೂ ಶಿವನ ಮೇಲೆ ಹೊರಿಸುವುದು ಸುಲಭ. ಹಸಿದ ಕೂಸಿನ ಬಾಯಿ ತೆರೆಸಿ ನೋಡಿದವನು ಶಿವನಲ್ಲ.

ಮಗಳ ದಿನಕರ್ಮ ತೀರಿಸಿ ಸುಂದರವ್ವ ವಾಡೆಗೆ ಬಂದಳು. ರಾಶಿಯ ಮುಂದೆ ಕೂರಲಿಲ್ಲ. ಹಾಡುತ್ತಿದ್ದ ಹುಡುಗಿಯರ ಬಳಿ ಹೋಗಿ, ಒಬ್ಬೊಬ್ಬಳ ಕೆಳರೆಪ್ಪೆ ಜಗ್ಗಿ ನೋಡಿದಳು. ಅರಳಿ. ಮತ್ತೊಬ್ಬಳದೂ ಅರಳಿ. ಕೆಂಚವ್ವನ ಮಗಳ ಮುಂದೆ ನಿಂತಳು.

“ಕೆಂಚವ್ವ, ನಿನ್ನ ಮಗಳೂ ಬೆಳ್ಳಗಾಗ್ಯಾಳ ನೋಡ.”

ಕೆಂಚವ್ವ ನಗಲಿಲ್ಲ. ರಾಶಿಗೆ ಕೈಹಾಕಿ, ಹಿಡಿ ಕಾಳು ತೆಗೆದು ಮಗಳ ಬಾಯಿಗೆ ತುರುಕಿದಳು. “ಅಗಿ,” ಎಂದಳು. ತಾನೂ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಪಕ್ಕದವಳ ಕೈಯೂ ರಾಶಿಗೆ ಹೋಯಿತು. ಅದರಾಚೆಯವಳದೂ ಹೋಯಿತು.

ಪಡಸಾಲೆಯಲ್ಲಿ ಜಪಮಾಲೆ ನಿಂತಿತು.

“ಹಾಡ್ರಿ,” ಎಂದಳು ಯಮುನಾಬಾಯಿ.

ಯಾರ ಬಾಯಿಯೂ ಖಾಲಿ ಇರಲಿಲ್ಲ.