ಸುತ್ತು ಮೇಷ್ಟ್ರ ದೂರದ ಲೆಕ್ಕ

ಸುತ್ತು ಮೇಷ್ಟ್ರು ಯಾವ ಕೋಣೆಯನ್ನೂ ಅಡ್ಡಲಾಗಿ ದಾಟಿದವರಲ್ಲ. ಬಾಗಿಲಿನಿಂದ ಎದುರು ಮೂಲೆಯ ಕುರ್ಚಿಗೆ ಹೋಗಬೇಕಾದರೂ ನಡುವಿನ ಬಯಲನ್ನು ಬಿಟ್ಟು, ಬಲಗೈಯಿಂದ ಗೋಡೆ ಸವರುತ್ತ, ಮೂಲೆ ಬಂದಲ್ಲಿ ತಿರುಗಿ, ಮತ್ತೆ ಗೋಡೆ ಹಿಡಿದು ಸಾಗುವುದು ಅವರ ನಡಿಗೆ. ಹೊಸಬರು ಪಾಪ, ಕಣ್ಣು ಮಂದವಿರಬೇಕೆಂದು ಮರುಗುತ್ತಿದ್ದರು. ಹಳಬರು ಮುಸಿಮುಸಿ ನಗುತ್ತಿದ್ದರು. ಕಾಲೇಜಿನ ಕಂಪ್ಯೂಟರ್ ಪ್ರಯೋಗಶಾಲೆಗೆ ಮೊದಲ ಸಲ ಕೇಬಲ್ ಎಳೆಸಿದಾಗ, ತಾರುಣ್ಯದ ಹುಮ್ಮಸ್ಸಿನಲ್ಲಿ ಅವರು ಕೋಣೆಯ ನಕ್ಷೆಯ ಮೇಲೆ ಅಡಿಪಟ್ಟಿಯಿಟ್ಟು, ಮೂಲೆಯಿಂದ ಮೂಲೆಗೆ ನೇರವಾಗಿ ಅಳೆದು, ಅಷ್ಟಷ್ಟೇ ಕತ್ತರಿಸಿಟ್ಟಿದ್ದರು. ತಂತಿಯೇನು ಹಕ್ಕಿಯೇ, ಹಾರಿಹೋಗಲು? ಗೋಡೆಗುಂಟ ಹೊರಟ ಕೇಬಲ್ಲುಗಳೆಲ್ಲ ಕಂಪ್ಯೂಟರು ಇನ್ನೂ ಒಂದು ಮಾರು ದೂರವಿರುವಾಗಲೇ ಮುಗಿದು ಗಾಳಿಯಲ್ಲಿ ನೇತಾಡಿದವು. ಅಂದಿನಿಂದ ಮೇಷ್ಟ್ರು ಗೋಡೆಯನ್ನು ಹಿಡಿದರು, 'ಸುತ್ತು' ಎಂಬ ಹೆಸರು ಮೇಷ್ಟ್ರನ್ನು ಹಿಡಿಯಿತು.

ಮೊಣಕೈಯಲ್ಲಿ ಬಣ್ಣ ಮಾಸಿದ ಅವರ ಕಂದು ಕೋಟಿನ ಜೇಬುಗಳಲ್ಲಿ ಕೇಬಲ್ಲಿನ ತುದಿಗೆ ಕೂರಿಸುವ ಪ್ಲಾಸ್ಟಿಕ್ ಕನೆಕ್ಟರುಗಳು ಸದಾ ಕಿಲಕಿಲ ಎನ್ನುತ್ತಿದ್ದವು. "ಇವರ ಕೋಟು ಒಗೆಯೋಕೆ ಹಾಕಿದ್ರೆ ಕೊಳೆಗಿಂತ ಪ್ಲಾಸ್ಟಿಕ್ಕೇ ಜಾಸ್ತಿ ಬರುತ್ತೆ" ಎಂದು ಅವರ ಹೆಂಡತಿ ನಮ್ಮೆದುರೇ ಹಂಗಿಸುತ್ತಿದ್ದರು. ಇನ್ನು ಅವರ ಮಾತಿಗೊಂದು ಕೊಕ್ಕೆಯಿತ್ತು. ಯಾರಾದರೂ ಹತ್ತಿರ, ದೂರ ಎಂಬ ಶಬ್ದ ಬಳಸಿದರೆ ಸಾಕು, "ಯಾವ ಲೆಕ್ಕದಲ್ಲಿ?" ಎಂದು ತಡೆಯುತ್ತಿದ್ದರು. ಅವರ ವಿಭಾಗದಲ್ಲೇ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು "ಮನೆ ಹತ್ತಿರಾನಾ ಸರ್?" ಎಂದು ಕೇಳಿ, ನಡಿಗೆಯ ಲೆಕ್ಕ, ಬಸ್ಸಿನ ಲೆಕ್ಕ, ಸಾಲ ಕೊಟ್ಟವರ ಕಣ್ಣು ತಪ್ಪಿಸಿ ಹೋಗುವವನ ಲೆಕ್ಕವೆಂದು ಊಟದ ಬಿಡುವನ್ನೆಲ್ಲ ಕಳೆದುಕೊಂಡಿದ್ದೇನೆ.

ಕಂಪ್ಯೂಟರ್ ಜಾಲದ ಪಾಠವನ್ನು ಅವರು ಆರಂಭಿಸುತ್ತಿದ್ದ ಬಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದೇ ಮೇಜಿನ ಮೇಲೆ ಒತ್ತಿಕೊಂಡು ಕುಳಿತ ಎರಡು ಕಂಪ್ಯೂಟರುಗಳಿಗೆ ಬೇರೆ ಬೇರೆ ಜಾಲದ ವಿಳಾಸ ಕೊಟ್ಟು, ಒಂದರ ಸಂದೇಶ ಇನ್ನೊಂದಕ್ಕೆ ತಲುಪದ್ದನ್ನು ತೋರಿಸಿ, ನಡುವೆ ಒಂದು ಜಾಲದ ಸಂದೇಶವನ್ನು ಇನ್ನೊಂದಕ್ಕೆ ದಾಟಿಸುವ ರೌಟರಿನ ಪುಟ್ಟ ಪೆಟ್ಟಿಗೆಯನ್ನಿಟ್ಟು ನಗುತ್ತಿದ್ದರು. "ನಾನೂ ನಮ್ಮಣ್ಣನೂ ಒಂದೇ ಸೂರಿನಡಿ ಇದೀವಿ. ಮಾತು ಬಿಟ್ಟು ವರ್ಷಗಳಾಯ್ತು. ನಾನು ಅತ್ತಿಗೆಗೆ ಹೇಳ್ತೀನಿ, ಅತ್ತಿಗೆ ಅಣ್ಣಂಗೆ ಹೇಳ್ತಾರೆ. ಅತ್ತಿಗೆ ತವರಿಗೆ ಹೋದ್ರೆ ನಮ್ಮ ಜಾಲ ಬಂದ್!"

ದತ್ತಾಂಶದ ಎರಡು ಗುಂಪುಗಳ ನಡುವಿನ ದೂರವನ್ನು ಕಲಿಸುವಾಗ ಮಾತ್ರ ಈ ವಿನೋದವೆಲ್ಲ ಅಡಗುತ್ತಿತ್ತು. ಬಿಳಿ ಸೀಮೆಸುಣ್ಣದಲ್ಲೊಂದು ಗುಂಪು, ಕೆಂಪಿನಲ್ಲೊಂದು. ಎರಡರ ಸರಾಸರಿ ತೆಗೆದು ಅಂತರ ನೋಡುವುದು ಸುಲಭದ ದಾರಿ. ಅವರಿಗೆ ಪ್ರಿಯವಾದದ್ದು ಇನ್ನೊಂದು: ಪ್ರತಿ ಚುಕ್ಕಿಗೂ ಎದುರು ಗುಂಪಿನಲ್ಲಿ ತೀರ ಸಮೀಪದ ಚುಕ್ಕಿಯನ್ನು ಹುಡುಕಿ, ಹಾಗೆ ದೊರೆತ ದೂರಗಳಲ್ಲಿ ಅತಿ ದೊಡ್ಡದನ್ನೇ ಗುಂಪುಗಳ ದೂರವೆಂದು ಹಿಡಿಯುವುದು. "ಅಂದ್ರೆ, ಎಲ್ಲರಿಗಿಂತ ಒಂಟಿಯಾಗಿರೋ ಚುಕ್ಕಿ ಹೇಳಿದ್ದೇ ಲೆಕ್ಕ" ಎನ್ನುವಾಗ ಅವರ ದನಿ ಸ್ವಲ್ಪ ತಗ್ಗುತ್ತಿತ್ತು.

ಆ ಲೆಕ್ಕ ಕಪ್ಪುಹಲಗೆಯಿಂದ ಕೆಳಗಿಳಿದದ್ದು ಸಂಜೆ ತರಗತಿಯನ್ನು ಮುಚ್ಚುವ ಮಾತು ಬಂದಾಗ. ಹಗಲು ದುಡಿಯುವವರಿಗೆಂದೇ ಇದ್ದ ತರಗತಿ ಅದು: ದರ್ಜಿಗಳು, ಕಂಡಕ್ಟರುಗಳು, ಅಂಗಡಿಯ ಗುಮಾಸ್ತರು. ಆಸ್ಪತ್ರೆಯ ಆಯಾ ಒಬ್ಬಳು ಕೆಲಸ ಮುಗಿಸಿ, ಕೈಯಲ್ಲಿ ಫಿನಾಯಿಲ್ ವಾಸನೆ ಆರುವ ಮೊದಲೇ ಬಂದು ಕೂರುತ್ತಿದ್ದಳು. ಪ್ರವೇಶ ಪರೀಕ್ಷೆಯಲ್ಲಿ ಎಲ್ಲರಿಗಿಂತ ಕೆಳಗಿದ್ದವಳು ಅವಳೇ. ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಹೋಗಬೇಕೆಂಬುದು ಅವಳ ಆಸೆ, ಅದಕ್ಕಿದ್ದ ದಾರಿ ಈ ತರಗತಿಯೊಂದೇ.

ಸಭೆಯಲ್ಲಿ ನಾನೂ ಇದ್ದೆ. "ಪ್ರವೇಶ ಪರೀಕ್ಷೆಯಲ್ಲಿ ಬೆಳಗಿನವರದ್ದೂ ಸಂಜೆಯವರದ್ದೂ ಸರಾಸರಿ ಅಂಕ ಒಂದೇ ಬಂದಿದೆ. ದೂರ ಸೊನ್ನೆ. ಮತ್ತೆ ಎರಡು ತರಗತಿ ಯಾಕೆ ಮೇಷ್ಟ್ರೇ? ಸಂಜೆಯವರು ಬೆಳಗ್ಗೆ ಬರಲಿ" ಎಂದರು ಪ್ರಾಂಶುಪಾಲರು. ಮೇಷ್ಟ್ರು ಎದ್ದು ಹಲಗೆಯ ಮೇಲೆ ಒಬ್ಬೊಬ್ಬರ ಅಂಕಕ್ಕೆ ಒಂದೊಂದರಂತೆ ಚುಕ್ಕಿಯಿಟ್ಟರು. ಬೆಳಗಿನವರ ಬಿಳಿ ಚುಕ್ಕಿಗಳು ನಡುವೆ ಗುಂಪಾಗಿದ್ದವು. ಸಂಜೆಯವರ ಕೆಂಪಿನವು ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ, ಒಂದು ತೀರ ತಳದಲ್ಲಿ ಒಂಟಿಯಾಗಿ. ಪ್ರಾಂಶುಪಾಲರು ತಲೆಯೆತ್ತಲಿಲ್ಲ. "ಚುಕ್ಕಿ ನೋಡ್ಕೊಂಡು ಆಡಳಿತ ನಡೆಸೋಕಾಗಲ್ಲ. ಸೊನ್ನೆ ಅಂದ್ರೆ ಸೊನ್ನೆ."

ಎಲ್ಲ ಮುಗಿಯಿತೆಂದೇ ನಾನೆಣಿಸಿದ್ದೆ. ಮೇಷ್ಟ್ರು ಕೈಯ ಸುಣ್ಣ ಒರೆಸಿಕೊಂಡು ಮೆಲ್ಲಗೆ ಅಂದರು: "ಆಗ್ಲಿ ಸರ್. ಅಲ್ಲಿಂದ ಇಲ್ಲಿಗೆ ಸೊನ್ನೆ ಅಂದ್ರೆ ಇಲ್ಲಿಂದ ಅಲ್ಲಿಗೂ ಸೊನ್ನೆ ತಾನೇ? ಹಾಗಾದ್ರೆ ಬೆಳಗಿನವರೇ ಸಂಜೆ ಬರಲಿ."

"ಅವರ ಮನೆಯವರು ಸುಮ್ನಿರ್ತಾರೇನ್ರೀ?" ಪ್ರಾಂಶುಪಾಲರ ಬಾಯಿಂದ ಥಟ್ಟನೆ ಬಂದುಬಿಟ್ಟಿತು.

"ಸುಮ್ನಿರಲ್ಲ ಅಲ್ವಾ? ಹಾಗಾದ್ರೆ ದೂರ ಇದೆ ಸರ್."

ತಾವೇ ತೋಡಿದ ಹಳ್ಳದ ಅಂಚಿನಲ್ಲಿ ನಿಂತ ಪ್ರಾಂಶುಪಾಲರು ಫೈಲು ಮುಚ್ಚಿ, ತೀರ್ಮಾನವನ್ನು ಮುಂದಕ್ಕೆ ಹಾಕಿದರು. ಹೊರಗೆ ಮೊಗಸಾಲೆಯಲ್ಲಿ ಆಯಾ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಾದಿದ್ದಳು. "ನಾಳೆಯಿಂದ ಬರೋದು ಬೇಡ್ವಾ ಸರ್?" ಎಂದಳು. "ನಾಳೆ ಮಾತು ಆಮೇಲೆ. ಈಗ ಪಾಠ ಇದೆ, ಒಳಗೆ ಬಾಮ್ಮ" ಎಂದರು ಮೇಷ್ಟ್ರು. ಅವರ ಕಣ್ಣು ತೇವವಾಗಿತ್ತು, ನನ್ನದೂ.

ಅವರು ನಿವೃತ್ತರಾದ ಮೇಲೆ ಅದೇ ಸರಾಸರಿ ಮತ್ತೆ ಸಭೆಗೆ ಬಂತು. ನಮ್ಮಲ್ಲಿ ಯಾರಿಗೂ ಎದ್ದು ನಿಲ್ಲುವ ಬುದ್ಧಿಯಾಗಲಿ ಧೈರ್ಯವಾಗಲಿ ಇರಲಿಲ್ಲ, ಸಂಜೆಯ ತರಗತಿ ಮುಚ್ಚಿತು. ಗುಂಪನ್ನು ಕಂಡೊಡನೆ ಅದರ ನಡುವನ್ನು ಹುಡುಕದೆ ಅಂಚಿನಲ್ಲಿ ನಿಂತವರು ಯಾರೆಂದು ನೋಡುವ ಜನ ಮೇಷ್ಟ್ರಂಥವರು. ಸಂಸ್ಥೆಗಳಲ್ಲಿ ಇಂಥವರು ಎತ್ತರಕ್ಕೆ ಏರುವುದಿಲ್ಲ, ಇರುವಷ್ಟು ದಿನ ತಂಟೆಕೋರರೆನಿಸಿಕೊಳ್ಳುತ್ತಾರೆ. ಅವರು ಹೋದ ಬಳಿಕ ಲೆಕ್ಕಗಳೇನೋ ಇನ್ನಷ್ಟು ಚೊಕ್ಕವಾಗುತ್ತವೆ. ಯಾರೋ ಒಬ್ಬರು ಬರುವುದು ನಿಂತುಹೋಯಿತೆಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ.