ನೀಲಿ ಉರಿ

ಹೊಸ ವರ್ಷದ ದಿನ ಬೆಳಿಗ್ಗೆ ರಷ್ಯದಿಂದ ಬರುತ್ತಿದ್ದ ಗ್ಯಾಸ್ ನಿಂತಿತು. ನೀಸ್ತ್ರು ನದಿಯ ಈ ದಂಡೆಯ ನಮ್ಮ ಊರಿನಲ್ಲಿ ಮೂರನೆಯ ದಿನಕ್ಕೆ ಯಾರೂ ಮನೆಯೊಳಗೆ ಕೋಟು ಬಿಚ್ಚುತ್ತಿರಲಿಲ್ಲ. ನಾಲ್ಕನೆಯ ದಿನ ಜನ ನನ್ನ ಅಪ್ಪ ನಿಸ್ತೋರನನ್ನು ಹುಡುಕಿಕೊಂಡು ಬಂದರು. ಅಪ್ಪ ಇಟ್ಟಿಗೆ, ಮಣ್ಣಿನಲ್ಲಿ ಮನೆ ಬೆಚ್ಚಗಿಡುವ ಗೋಡೆಯೊಲೆ ಕಟ್ಟುವವನು. ಊರಿಗೆ ಗ್ಯಾಸಿನ ಕೊಳವೆ ಬಂದ ವರ್ಷ ಇದೇ ಜನ ಅವನ ಕೈಯಲ್ಲೇ ಆ ಒಲೆಗಳನ್ನು ಒಡೆಸಿ, ಆ ಜಾಗದಲ್ಲಿ ಸೋಫಾ ಹಾಕಿಸಿಕೊಂಡಿದ್ದರು. ನಮ್ಮ ಮನೆಯದು ಮಾತ್ರ ಉಳಿದಿತ್ತು.

"ಒಡೆದೋನು ನೀನೇ, ಈಗ ನೀನೇ ಕಟ್ಟು" ಎಂದಳು ಪಕ್ಕದ ಮನೆಯ ಅಗಾಫಿಯ.

"ಒಡೀವಾಗ ಸುತ್ತಿಗೆ ತಂದು ಕೊಟ್ಟೋಳು ಯಾರಮ್ಮ?" ಎಂದ ಅಪ್ಪ.

ಮೊದಲ ಒಲೆ ನನ್ನ ಅಕ್ಕ ಪ್ರೋಫಿರಳ ಮನೆಗೆ. ಅವಳ ಮಗಳು ಸ್ಮಾರಂದಳಿಗೆ ಆಗ ಎಂಟು ತಿಂಗಳು, ಎದೆಯಲ್ಲಿ ಕಫ. ಮಗುವನ್ನು ಎತ್ತಿಕೊಂಡು ಅಕ್ಕ ನಮ್ಮ ಮನೆಗೆ ಬಂದಳು. ಭಾವ ಗೆನಾದಿ ತಮ್ಮ ಮನೆಯಲ್ಲೇ ಉಳಿದು ನಮ್ಮ ಕೆಲಸಕ್ಕೆ ಕೈ ಜೋಡಿಸಿದ. ಅವನು ಪಟ್ಟಣದಲ್ಲಿ ಗ್ಯಾಸಿನ ಮನೆಯಲ್ಲೇ ಬೆಳೆದು, ಹದಿನೈದು ವರ್ಷ ಊರಿನ ಗ್ಯಾಸ್ ಬಾಯ್ಲರ್‌ಗಳನ್ನು ನೋಡಿಕೊಂಡವನು. ಈಗ ನೋಡಲು ಏನೂ ಇರಲಿಲ್ಲ.

"ಗ್ಯಾಸಿನ ಮೇಷ್ಟ್ರು ಮಣ್ಣು ಹೊರ್ತಿದಾನೆ, ನೋಡಪ್ಪ" ಎಂದು ಅಪ್ಪ ಕೆಣಕುತ್ತಿದ್ದ.

"ಹೊರ್ತೀನಿ ಮಾವ. ನನ್ನ ಮಗಳು ಮನೆಗೆ ಬರಬೇಕಲ್ಲ."

ಎಂಟನೆಯ ತರಗತಿಗೆ ಶಾಲೆ ಬಿಟ್ಟಾಗಿನಿಂದ ಮಣ್ಣಿಗೆ ಹುಲ್ಲು, ಮರಳು ಬೆರೆಸಿ ತುಳಿಯುವುದು ನನ್ನ ಕೆಲಸ. ನನ್ನದು ಮಾತು ಕಡಿಮೆ. ಕಟ್ಟಿದ ಒಲೆ ಒಣಗುವವರೆಗೆ ಒಂಬತ್ತು ದಿನ ಕಡ್ಡಿಪುಳ್ಳೆ ಮಾತ್ರ ಉರಿಸಿದೆವು. ದಿನಾ ಸಂಜೆ ಭಾವ ನಮ್ಮಲ್ಲಿಗೆ ಬಂದು, ಮಗುವಿನ ಅಂಗಾಲಿಗೆ ಬಿಸಿ ಉಸಿರು ಊದಿ, "ಇನ್ನು ಆರು ದಿನ ಕಣೇ, ಇನ್ನು ಐದು" ಎನ್ನುತ್ತಿದ್ದ.

ಹತ್ತನೆಯ ದಿನ ದಪ್ಪ ಕಟ್ಟಿಗೆ ಹಾಕಿ ಉರಿಸಿದೆವು. ಬಿರುಕು ಬಿಡಲಿಲ್ಲ. ಹೊಗೆ ನೆಟ್ಟಗೆ ಏಳುತ್ತಿದೆಯೇ ನೋಡಲು ಅಪ್ಪ ಹೊರಗೆ ಹೋದ. ಕಟ್ಟಿಗೆ ಕೆಂಡವಾಗಿತ್ತು, ಕೆಂಡದ ಮೇಲೆ ಸಣ್ಣ ನೀಲಿ ನಾಲಿಗೆಗಳು ಓಡಾಡುತ್ತಿದ್ದವು. ಭಾವ ಬಗ್ಗಿ ನೋಡಿ ನನ್ನ ಕಡೆ ತಿರುಗಿದ.

"ನೋಡು ಕತಿಂಕ, ನೀಲಿ ಬಂತು. ಈಗ ಉರಿ ಶುದ್ಧ ಆಯ್ತು. ಹಳದಿ ಇದ್ರೆ ಮಾತ್ರ ಹೆದರಬೇಕು."

ಮನೆಮನೆಯ ಬಾಯ್ಲರ್ ಮುಂದೆ ಅವನು ಎಲ್ಲರಿಗೂ ಕಲಿಸಿದ್ದು ಅದನ್ನೇ. ಗ್ಯಾಸಿಗೆ ಅದು ನಿಜ. ಕಟ್ಟಿಗೆಯ ಕೆಂಡದ ಮೇಲೆ ನೀಲಿ ಇರುವವರೆಗೂ ವಿಷದ ಗಾಳಿ ಏಳುತ್ತಿರುತ್ತದೆ. ಅದು ಪೂರ್ತಿ ಸತ್ತ ಮೇಲೆಯೇ ಹೊಗೆದಾರಿಯ ತಗಡನ್ನು ತಳ್ಳಿ ಮುಚ್ಚಿ, ಶಾಖವನ್ನು ಒಳಗೆ ಹಿಡಿದುಕೊಳ್ಳಬೇಕು. ಒಲೆ ಇದ್ದ ಮನೆಯಲ್ಲಿ ಬೆಳೆದ ನನಗೆ ಇದು ನಡೆಯಲು ಕಲಿಯುವ ಮೊದಲೇ ಗೊತ್ತು. ಮಾತು ನಾಲಿಗೆಯವರೆಗೆ ಬಂತು. ಭಾವ ನನಗಿಂತ ಹನ್ನೆರಡು ವರ್ಷ ದೊಡ್ಡವನು, ಬೆಂಕಿಯ ವಿಷಯದಲ್ಲಿ ಊರೇ ಅವನನ್ನು ಕೇಳುತ್ತಿತ್ತು. ಅವನು ತಗಡಿಗೆ ಕೈ ಹಾಕುವಷ್ಟರಲ್ಲಿ ಅಪ್ಪ ಒಳಗೆ ಬಂದ.

"ತಡಿಯೋ, ಏನವಸರ? ಇನ್ನೊಂದು ಸ್ವಲ್ಪ ಹೊತ್ತು ಬಿಡು."

ಭಾವ ನಕ್ಕು ಕೈ ತೆಗೆದ. ಅವನಿಗೆ ಅವಸರವೆಂದಷ್ಟೇ ಅಪ್ಪ ತಿಳಿದ. ನಾನು ಬಕೆಟ್ ತೊಳೆಯಲು ಹೋದೆ.

ಮರುದಿನ ಭಾನುವಾರ. ಕೋಣೆ ಬೆಚ್ಚಗೆ ಮಾಡಿಡುತ್ತೇನೆ, ಊಟ ಮುಗಿಸಿ ಬನ್ನಿ ಎಂದು ಭಾವ ಹೇಳಿ ಕಳಿಸಿದ್ದ. ಎರಡು ಗಂಟೆಗೆ ಹೊರಟೆವು. ಮಗುವನ್ನು ಎರಡು ಕಂಬಳಿಯಲ್ಲಿ ಸುತ್ತಿ ನಾನು ಎತ್ತಿಕೊಂಡಿದ್ದೆ, ಅಕ್ಕ ಮುಂದೆ ನಡೆದು ಬಾಗಿಲು ತೆಗೆದಳು.

ಕೋಣೆ ನಿಜವಾಗಿಯೂ ಬೆಚ್ಚಗಿತ್ತು. ಹೊಗೆದಾರಿಯ ತಗಡು ಪೂರ್ತಿ ಮುಚ್ಚಿತ್ತು. ಭಾವ ತೊಟ್ಟಿಲ ಪಕ್ಕ ನೆಲದ ಮೇಲೆ ಮಲಗಿದ್ದ, ಕೆನ್ನೆ ಕೆಂಪಗೆ, ಆರೋಗ್ಯವಂತನ ಹಾಗೆ. "ಎದ್ದೇಳೋ, ಬಂದ್ವಿ" ಎಂದು ಅಕ್ಕ ಕಾಲಿನಿಂದ ಮೆಲ್ಲಗೆ ತಟ್ಟಿದಳು. ನಾನು ಮಗುವಿನೊಂದಿಗೆ ಹಿಂದೆ ಹಿಂದೆ ಸರಿದು ಹಿಮದಲ್ಲಿ ನಿಂತೆ.

ನಮ್ಮಲ್ಲಿ ಹೆಣವನ್ನು ದೊಡ್ಡ ಕೋಣೆಯಲ್ಲಿ ಇಡುತ್ತಾರೆ. ಮದುವೆಗೆ, ಸಾವಿಗೆ ಮಾತ್ರ ತೆರೆಯುವ ಆ ಕೋಣೆಗೆ ಯಾವ ಕಾಲದಲ್ಲೂ ಬೆಂಕಿ ಇಲ್ಲ. ಹೆಂಗಸರು ಸತ್ತವನ ಹೆಸರಿನಲ್ಲಿ ಬೇಯಿಸಿದ ಗೋಧಿ ತಂದಿಟ್ಟು, ಗೋಡೆಗೆ ಒರಗಿ ಕೂತರು. ಅವರ ಉಸಿರು ಹೊಗೆಯಂತೆ ಕಾಣುತ್ತಿತ್ತು. ಎರಡನೆಯ ದಿನ ಅಕ್ಕ ತಲೆಯೆತ್ತಿ ಅಪ್ಪನನ್ನು ನೋಡಿದಳು.

"ನೀನು ಅವನಿಗೆ ಹೇಳ್ಲಿಲ್ಲ."

"ಯಾರಿಗೆ ಗೊತ್ತಿಲ್ಲ ಅದು, ಅಂದ್ಕೊಂಡೆ ಮಗಳೇ" ಎಂದ ಅಪ್ಪ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. "ತಪ್ಪು ನಂದೇ."

ಹೊರಗೆ ನಾಲ್ಕು ಮನೆಯವರು ಒಲೆ ಕಟ್ಟಿಸಿಕೊಳ್ಳಲು ಅಪ್ಪನಿಗಾಗಿ ಕಾದಿದ್ದರು. ಸಾವಿನ ಮನೆಯೆಂದು ಒಳಗೆ ಬರಲು ಹಿಂಜರಿದು ಅಂಗಳದಲ್ಲೇ ನಿಂತಿದ್ದರು. ನನ್ನ ತೊಡೆಯ ಮೇಲೆ ಸ್ಮಾರಂದ ನಿದ್ದೆ ಮಾಡುತ್ತಿದ್ದಳು.

"ಅಪ್ಪಂಗೆ ಗೊತ್ತಿರ್ಲಿಲ್ಲ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. "ನೀಲಿ ಬಂದ್ರೆ ಒಳ್ಳೇದು ಅಂತ ಭಾವ ನನ್ನ ಹತ್ರ ಅಂದಿದ್ದ. ಶನಿವಾರ. ನಾನು ಏನೂ ಹೇಳ್ಲಿಲ್ಲ."

ಅಕ್ಕ ಎದ್ದು ಬಂದು, ಮಗುವಿನ ತಲೆ ಜೋಲದಂತೆ ಅಂಗೈ ಕೊಟ್ಟು, ಅವಳನ್ನು ನನ್ನ ತೊಡೆಯಿಂದ ಎತ್ತಿಕೊಂಡು ಹೋದಳು.