ಕೋಲಿನಾಚೆ ಹೋದ ಗಿಡುಗ

ಹೋಳಿ ಹುಣ್ಣಿಮೆ ಮುಗಿದರೆ ಗಿಡುಗಗಳು ಉತ್ತರಕ್ಕೆ ಮರಳುತ್ತವೆ. ಮಿಶ್ರಿಕೋಟಿ ಕಡೆಯ ಗುಡ್ಡದ ಮೇಲೆ ಕೂತು ಅವನ್ನು ಎಣಿಸಲು ಇಬ್ಬರು ಬೇಕೆಂದು ಹುಬ್ಬಳ್ಳಿಯ ಕಾಲೇಜು ಮಾಸ್ತರ ಹೇಮಂತ ಊರಿಗೆ ಬಂದ. ಒಂದೇ ಷರತ್ತು: ಎಣಿಸುವವರು ಹರಟೆ ಹೊಡೆಯಬಾರದು.

"ಹಂಗಾದ್ರ ಆ ನೆಗೆಣ್ಣಿಯರನ್ನ ಕರ್ಕೊಂಡ ಹೋಗ್ರಿ ಸರ್," ಎಂದು ಕಟ್ಟೆಯ ಮೇಲಿದ್ದ ಗಂಗಪ್ಪ ನಕ್ಕ. "ಮನಿ ನಡುವ ಗ್ವಾಡಿ ಎದ್ದಾಗಿಂದ ಒಬ್ರಿಗೊಬ್ರು ತುಟಿ ಪಿಟಕ್ಕಂದಿಲ್ಲ."

ಹೀಗೆ ಅಣ್ಣತಮ್ಮಂದಿರ ಹೆಂಡಂದಿರಾದ ದುಂಡವ್ವ, ಮಲ್ಲಿಕಾ ಗುಡ್ಡದ ನೆತ್ತಿಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತರು. ಹೇಮಂತ ನಡುವೆ ಒಂದು ಕೋಲು ನೆಟ್ಟ. ಮೂಡಲ ಆಕಾಶ ಕಿರಿಯ ಸೊಸೆ ಮಲ್ಲಿಕಾಳದು, ಪಡುವಣದ್ದು ಹಿರಿಯಳಾದ ದುಂಡವ್ವನದು. ದಾಟಿದ ಗಿಡುಗಕ್ಕೊಂದು ಹರಳು, ಡಬ್ಬಿಯ ಮುಚ್ಚಳದಲ್ಲಿ.

"ನಿಮ್ಮ ಬಾಜುದ್ದು ಅವರ ಬಾಜು ಹೊಂಟ್ರ ಮಾತ್ರ ಕೂಗಿ ಹೇಳ್ರಿ ಅಕ್ಕಾರ. ಇಲ್ಲಂದ್ರ ಅದು ಯಾರ ಲೆಕ್ಕಕ್ಕೂ ಬರೂದಿಲ್ಲ," ಎಂದು ಹೇಳಿ ಅವನು ಇನ್ನೊಂದು ಗುಡ್ಡಕ್ಕೆ ಹೋದ.

ಆಕಾಶಕ್ಕೂ ಪಾಲು ಬಂತಲ್ಲ ಎಂದುಕೊಂಡಳು ಮಲ್ಲಿಕಾ. ಗೋಡೆಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅದನ್ನು ಎಬ್ಬಿಸಿದವರು ಗಂಡಸರು. ಆದರೆ ಗರ್ಭಕೋಶ ತೆಗೆಸಿಕೊಂಡು ದವಾಖಾನೆಯಿಂದ ಬಂದ ದಿನ, ಗೋಡೆಯಾಚೆ ದುಂಡವ್ವ ಕೆಮ್ಮಿದ್ದು, ಪಾತ್ರೆ ಬೋರಲು ಹಾಕಿದ್ದು ಎಲ್ಲ ಕೇಳಿಸಿತ್ತು. ಹೆಂಗದೀ ಎಂದು ಕೇಳಲು ಮಾತ್ರ ಆಕೆ ಬರಲಿಲ್ಲ. ತಾನಾಗಿ ಮೊದಲು ಬಾಯಿ ಬಿಡುವುದಿಲ್ಲ ಎಂದು ಮಲ್ಲಿಕಾ ಅಂದೇ ಆಣೆ ಹಾಕಿಕೊಂಡಿದ್ದಳು.

ಬಿಸಿಲೇರಿದಂತೆ ಒಂದು ಬೂದು ಗಿಡುಗ ಅವಳ ಕಡೆ ಎದ್ದು, ರೆಕ್ಕೆ ಬಡಿಯದೆ ವಾಲುತ್ತ ಕೋಲಿನಾಚೆ ಹೋಯಿತು. ಹೊರಳಿ ನೋಡಿದಳು. ದುಂಡವ್ವ ತಗ್ಗಿನ ಕಡೆ ದಿಟ್ಟಿಸುತ್ತಿದ್ದಳು. ಮಲ್ಲಿಕಾ ಹೇಳಲಿಲ್ಲ. ಗಿಡುಗ ಚುಕ್ಕೆಯಾಗಿ ಮರೆಯಾಯಿತು. ಅದಕ್ಕೆಂದು ಎತ್ತಿಕೊಂಡ ಹರಳು ಅವಳ ಮುಷ್ಟಿಯಲ್ಲೇ ಬೆವರಿತು. ಹಾಸಿಗೆಯಲ್ಲಿ ಮಲಗಿದ್ದಾಗ ತಾನೂ ಹೀಗೇ ಯಾರ ಲೆಕ್ಕದಲ್ಲೂ ಇರಲಿಲ್ಲ.

ಮತ್ತೊಂದು ಎದ್ದಿತು. ಅದೂ ಅತ್ತಲೇ ವಾಲಿತು.

"ಅಕ್ಕಾ, ನಿನ್ನ ಬಾಜು ಬಂತು ನೋಡು!"

ದುಂಡವ್ವ ಹಣೆಗೆ ಕೈ ಹಿಡಿದು ನೋಡಿದಳು. ಅವಳ ಮುಚ್ಚಳದಲ್ಲಿ ಹರಳು ಟಣ್ಣೆಂದಿತು. ತಿರುಗದೆಯೇ ಕೇಳಿದಳು, "ಹಂಗ ಒದರಿದಿ, ಹೊಟ್ಟಿ ನೋಯಲಿಲ್ಲೇನು?"

"ಹೊಲಿಗಿ ಮಾಗಿ ವರ್ಷಾತು. ಈಗ ಕೇಳಾಕತ್ತಿ!"

"ಬಾಗಲದ ತನಕ ಬಂದಿದ್ದೆ. ನಿನ್ನ ಗಂಡ ಕಟ್ಟಿ ಮ್ಯಾಲೆ ಕುಂತಿದ್ದ. ಹೊಳ್ಳಿ ಹೋದೆ."

ನಿಜವೋ ಸುಳ್ಳೋ, ಮಲ್ಲಿಕಾ ಕೆದಕಲು ಹೋಗಲಿಲ್ಲ. ಮುಷ್ಟಿ ಬಿಚ್ಚಿದಳು.

"ಇದಕ್ಕೂ ಮೊದಲ ಒಂದು ಹೋತು. ನಾ ಹೇಳಲಿಲ್ಲ."

ದುಂಡವ್ವ ಕೋಲಿನ ಈಚೆಗೆ ಕೈ ಚಾಚಿ ಆ ಬಿಸಿ ಹರಳನ್ನು ತೆಗೆದುಕೊಂಡು ತನ್ನ ಮುಚ್ಚಳಕ್ಕೆ ಹಾಕಿದಳು.

"ಇನ್ನ ಸುಮ್ನ ಕುಂದ್ರು. ಮಾತಾಡಬ್ಯಾಡ ಅಂದಾನ ಮಾಸ್ತರ."